ಕಲ್ಲಿನ ಕೊಬ್ಬು ಹುಡುಕಿದ ಸುಮಿತ್ರಾ ಮೇಡಂ

ಸುಮಿತ್ರಾ ಮೇಡಂ ತಲೆಗೆ ಎಣ್ಣೆ ಹಚ್ಚುತ್ತಿರಲಿಲ್ಲ. ಬೈಲಹೊಂಗಲದಂಥ ಊರಿನಲ್ಲಿ ಇದೇನು ಸಣ್ಣ ಸುದ್ದಿಯಲ್ಲ. ಅರ್ಧ ನರೆತ ಅವರ ಕೂದಲು ಮಧ್ಯಾಹ್ನದ ಹೊತ್ತಿಗೆ ಒಣಹುಲ್ಲಿನ ಹಾಗೆ ನಾಲ್ಕೂ ದಿಕ್ಕಿಗೆ ಏಳುತ್ತಿತ್ತು. ಎಣ್ಣೆಯಷ್ಟೇ ಅಲ್ಲ, ಚಳಿಗಾಲದಲ್ಲಿ ತುಟಿ ಒಡೆದರೂ ವ್ಯಾಸಲೀನ್ ಇಲ್ಲ, ಕೈಗೆ ಕ್ರೀಮ್ ಇಲ್ಲ, ಮುಖಕ್ಕೆ ಪೌಡರ್ ಇಲ್ಲ. ಅಂಗೈ ಬೇಸಿಗೆಯ ಎರೆಹೊಲದಂತೆ ಬಿರಿದಿರುತ್ತಿತ್ತು. ನಾನು ಅಲ್ಲಿನ ಡಿಗ್ರಿ ಕಾಲೇಜಿಗೆ ಕನ್ನಡ ಕಲಿಸಲು ಅತಿಥಿ ಉಪನ್ಯಾಸಕಿಯಾಗಿ ಸೇರಿದ ಮೊದಲ ವಾರದಲ್ಲೇ ಸ್ಟಾಫ್ ರೂಮಿನಲ್ಲಿ ಅವರ ಕೂದಲಿನ ಬಗ್ಗೆ ಮೂರು ಕತೆ ಕೇಳಿದೆ. ಒಬ್ಬರು ಹರಕೆ ಎಂದರು, ಇನ್ನೊಬ್ಬರು ಜಿಪುಣತನ ಎಂದರು, ಮತ್ತೊಬ್ಬರು ಮದುವೆಯಾಗದ ಹೆಂಗಸರು ಹಾಗೇ ಎಂದು ಹೇಳಿ ಚಹಾ ಹೀರಿದರು. ನನಗೆ ಸುತ್ತುಬಳಸಿ ಕೇಳಲು ಬರುವುದಿಲ್ಲ. ಒಂದು ದಿನ ಅವರನ್ನೇ ನೇರವಾಗಿ ಕೇಳಿಬಿಟ್ಟೆ.

"ನಾ ಹುಡುಕೂದ ಕೊಬ್ಬು ಶೈಲಾ," ಎಂದರು ಅವರು, ಒಂದಿಷ್ಟೂ ಬೇಸರಿಸದೆ. "ಕಲ್ಲಿನಾಗಿನ ಕೊಬ್ಬು. ಹುಡುಕೋಕಿ ಕೈಗೇ ಎಣ್ಣಿ ಇತ್ತಂದ್ರ, ನಂದ ಎಣ್ಣಿ ನನಗ ಸಿಕ್ಕು, ನೂರ ಕೋಟಿ ವರ್ಷದ ಹಳೇದು ಸಿಕ್ತು ಅಂತ ಕುಣದಾಡಿದ್ರ ಹೆಂಗ?"

ನನಗೆ ಏನೂ ತಿಳಿಯಲಿಲ್ಲ. ಕಲ್ಲಿಗೆಲ್ಲಿಯ ಕೊಬ್ಬು? ಆದರೆ ಅವರು ನಗುತ್ತಿರಲಿಲ್ಲವಾದ್ದರಿಂದ ನಾನೂ ನಗಲಿಲ್ಲ.

ಅವರು ಮುನವಳ್ಳಿಯವರು. ಕಾಳುಕಡಿ ವ್ಯಾಪಾರದ ಮನೆತನ, ಮೂವರು ಅಣ್ಣಂದಿರು, ಮನೆಯ ತುಂಬ ಮಾತು. ಇವರೊಬ್ಬರೇ ಸೂಕ್ಷ್ಮಜೀವಶಾಸ್ತ್ರ ಓದಿ, ಬೈಲಹೊಂಗಲದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದು, ತಮ್ಮ ಪಾಡಿಗೆ ತಾವಿದ್ದರು. ನಾನು ಕಿತ್ತೂರಿನಿಂದ ದಿನಾ ಬಸ್ಸಿಗೆ ಬರುತ್ತಿದ್ದೆ. ಮಧ್ಯಾಹ್ನ ಇಬ್ಬರೂ ಒಂದೇ ಮೇಜಿನ ಎರಡು ಬದಿಗೆ ಕುಳಿತು ಬುತ್ತಿ ಬಿಚ್ಚುತ್ತಿದ್ದೆವು. ಅವರ ಬುತ್ತಿಯಲ್ಲಿ ರೊಟ್ಟಿ, ಕಾಳುಪಲ್ಯ, ಒಂದು ಹಸಿ ಮೂಲಂಗಿ. ಶೇಂಗಾ ಚಟ್ನಿ ಎಂದರೆ ಪ್ರಾಣ. ಆದರೆ ತಿಂದಮೇಲೆ ಸಾಬೂನು ಹಾಕಿ ಎರಡೆರಡು ಸಲ ಕೈ ತೊಳೆಯದೆ ಪುಸ್ತಕವನ್ನೂ ಮುಟ್ಟುತ್ತಿರಲಿಲ್ಲ.

ಕೆಲವು ಬ್ಯಾಕ್ಟೀರಿಯಾಗಳ ಮೈಪೊರೆಯಲ್ಲಿರುವ ಹೋಪನಾಯ್ಡ್ ಎಂಬ ಜಿಡ್ಡಿನ ಹೆಸರನ್ನು ನಾನು ಮೊದಲು ಕೇಳಿದ್ದು ಒಂದು ಹೊರಸಿನ, ಹುರಿ ಹೆಣೆದ ಮಂಚದ, ಪಕ್ಕದಲ್ಲಿ. ನನ್ನ ತರಗತಿಗೂ ಅವರ ಪ್ರಯೋಗಾಲಯಕ್ಕೂ ನಡುವೆ ಒಂದೇ ಗೋಡೆ. ಆಚೆಯಿಂದ ಹುಡುಗರ ನಗು ಕೇಳಿ ಹೋಗಿ ನೋಡಿದರೆ, ಕಾವಲುಗಾರನ ಹುರಿಹೊರಸನ್ನು ಒಳಗೆ ತಂದಿಟ್ಟಿದ್ದಾರೆ. ಹುರಿ ಸಡಿಲವಾಗಿತ್ತು. ದಪ್ಪಗಿನ ಒಬ್ಬನನ್ನು ಕೂರಿಸಿದ್ದರು, ಅವನ ಕುಂಡಿ ನೆಲ ಮುಟ್ಟಿತ್ತು.

"ಇದು ಬ್ಯಾಕ್ಟೀರಿಯಾದ ಮೈಪೊರಿ ಅನ್ಕೋರಿ," ಎನ್ನುತ್ತಿದ್ದರು ಮೇಡಂ. "ಬಿಸಲು ಹೆಚ್ಚಾತು, ಸಡಲಾತು. ಒಳಗಿಂದು ಹೊರಗ, ಹೊರಗಿಂದು ಒಳಗ. ಜೀವ ಉಳೀತೈತೇನ? ಏಳಪಾ, ಸಾಕು." ಅವನು ಏದುಸಿರು ಬಿಡುತ್ತ ಎದ್ದ. ಅವರು ಸೀರೆಯ ಸೆರಗು ಸಿಕ್ಕಿಸಿಕೊಂಡು, ಕಾಲಬದಿಯ ಹುರಿಯನ್ನು ಮಂಡಿಯೂರಿ ಎಳೆದೆಳೆದು ಬಿಗಿದು, ಅವನನ್ನೇ ಮತ್ತೆ ಕೂರಿಸಿದರು. ಈ ಸಲ ಹೊರಸು ತಡೆಯಿತು. "ನಮ್ಮ ಜೀವಕೋಶದಾಗ ಹಿಂಗ ಬಿಗಿಮಾಡಿ ಹದಕ್ಕ ಇಡಾಕ ಕೊಲೆಸ್ಟ್ರಾಲ್ ಐತಿ. ನೀವೆಲ್ಲಾ ಅದನ್ನ ಬೈತೀರಿ, ಅದಿಲ್ಲಂದ್ರ ನೀವಿಲ್ಲ. ಆ ಸಣ್ಣ ಜೀವಕ್ಕ ಯಾರದಾರ? ಅದಕ್ಕ ಹೋಪನಾಯ್ಡ್. ಕೊಲೆಸ್ಟ್ರಾಲ್‌ಗೆ ದೊಡ್ಡಪ್ಪನ ಮಗ ಆಗಬೇಕು. ಕೊಲೆಸ್ಟ್ರಾಲ್‌ಗೆ ಕಾರ್ಬನ್ನಿನ ನಾಕ ಉಂಗುರ, ಇದಕ್ಕ ಐದು."

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಅದು ಸತ್ತ ಮ್ಯಾಲ ಆ ಉಂಗುರ ಏನಾಗತಾವ್ರಿ ಮೇಡಂ?"

ಅವರ ಮುಖ ಅರಳಿದ್ದು ನನಗೆ ಇನ್ನೂ ನೆನಪಿದೆ. ಇಷ್ಟು ಹೊತ್ತು ಆ ಪ್ರಶ್ನೆಗೇ ಕಾದಿದ್ದವರ ಹಾಗಿದ್ದರು. "ಉಳದದ್ದೆಲ್ಲಾ ಕೊಳೀತೈತಿ ತಂಗಿ. ಸಕ್ಕರಿ ಕೊಳೀತೈತಿ, ಪ್ರೋಟೀನ್ ಕೊಳೀತೈತಿ. ಈ ಐದ ಉಂಗುರ ಮಾತ್ರ ಕೆಸರಿನಾಗ ಹೂತು, ಕೆಸರು ಕಲ್ಲಾಗಿ, ಕಲ್ಲು ಗುಡ್ಡಾದ್ರೂ ಅಲ್ಲೇ ಕುಂತಿರತಾವ. ಎಲುಬಿಲ್ಲದ ಜೀವದ ಎಲುಬು ಅದು. ಎಲ್ಲಾ ಕಲ್ಲಿನಾಗ ಸಿಗಂಗಿಲ್ಲ ಮತ್ತ. ಭೂಮಿ ಹೆಚ್ಚು ಬೇಯಿಸಿತ್ತಂದ್ರ ಅವೂ ಹೋಗತಾವ. ಎಲ್ಲಿ ಉಳದಾವ ಅಂತ ಹುಡುಕಬೇಕು."

ಅವರು ಹುಡುಕುತ್ತಿದ್ದದ್ದು ರಾಮದುರ್ಗದ ಸೀಮೆಯಲ್ಲಿ. ಅಲ್ಲಿ ಸಾಲಹಳ್ಳಿಯ ಕಡೆ ಕೆಲವು ಹೊಲಗಳಲ್ಲಿ ಒಂದು ಬಗೆಯ ಸುಣ್ಣದ ಕಲ್ಲು ಸಿಗುತ್ತದೆ. ಒಡೆದರೆ ಒಳಗೆ ಸುತ್ತುಸುತ್ತಾಗಿ ಪದರಗಳು. ಅಲ್ಲಿನವರು ಅದನ್ನು ಉಳ್ಳಾಗಡ್ಡಿ ಕಲ್ಲು ಎನ್ನುತ್ತಾರೆ, ನೋಡಲು ಅಡ್ಡ ಕೊಯ್ದ ಈರುಳ್ಳಿಯೇ. ಈ ನಾಡೆಲ್ಲ ಸಮುದ್ರದಂಚಾಗಿದ್ದ ಕಾಲದಲ್ಲಿ, ಗಿಡ ಇಲ್ಲದ, ಹುಳ ಇಲ್ಲದ, ಮೀನು ಇಲ್ಲದ ಕಾಲದಲ್ಲಿ, ಸೂಕ್ಷ್ಮಜೀವಿಗಳು ಲೋಳೆಯಾಗಿ ಹಾಸಿ, ಅದರ ಮೇಲೆ ಕೆಸರು ಕುಳಿತು, ಮತ್ತೆ ಲೋಳೆ ಹಾಸಿ ಆದ ಪದರಗಳಂತೆ ಅವು. ಆ ಜೀವಿಗಳ ಉಂಗುರ ಒಳಗೆ ಉಳಿದಿದೆಯೇ ಎಂಬುದೊಂದೇ ಮೇಡಂ ಅವರ ಪ್ರಶ್ನೆ. ಇದರ ಮೇಲೆ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿ ಒಂಬತ್ತು ವರ್ಷವಾಗಿತ್ತು. ಒಮ್ಮೆ ಅವಧಿ ಹೆಚ್ಚಿಸಿದ್ದರು. ಇನ್ನೊಮ್ಮೆ ಹೆಚ್ಚಿಸುವುದಿಲ್ಲ ಎಂದು ಪತ್ರವೂ ಬಂದಿತ್ತು.

"ಅವು ನೂರ ಕೋಟಿ ವರ್ಷ ಕಾದಾವ, ನಾ ಒಂಬತ್ತ ವರ್ಷ ಕಾದ್ರ ಏನ ಗಂಟ ಹೋತು?" ಎನ್ನುತ್ತಿದ್ದರು. ಆದರೆ ಆ ಪತ್ರವನ್ನು ಪರ್ಸಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರು. ನಾಲ್ಕು ಮಡಿಕೆಯಲ್ಲಿ ಅದು ಹರಿಯುತ್ತ ಬಂದಿದ್ದನ್ನು ನಾನು ನೋಡಿದ್ದೇನೆ.

ಕಾಲೇಜಿನಲ್ಲಿ ಇಂಥ ಕೆಲಸಕ್ಕೆ ಬೇಕಾದ ಭಟ್ಟಿ ಇರಲಿಲ್ಲ. ಗಾಜಿನ ಬಾಟಲಿಗೆ ಅಂಟಿದ ಕಣ್ಣಿಗೆ ಕಾಣದ ಜಿಡ್ಡನ್ನು ಸುಡಲು ಉರಿ ಬೇಕಲ್ಲ? ಮೇಡಂ ಪೇಟೆಯ ಬೇಕರಿಯ ಇಮಾಮಸಾಬರನ್ನು ಹಿಡಿದರು. ಬೇಕರಿಗೆ ರಜೆಯಿರುವ ದಿನ ಇಟ್ಟಿಗೆಯ ದೊಡ್ಡ ಒಲೆಯನ್ನು ಖಾಲಿ ಮಾಡಿ, ಒಂದು ತಾಸು ಬರೀ ಉರಿಸಿ, ಆಮೇಲೆ ತಮ್ಮ ಖಾಲಿ ಬಾಟಲಿಗಳನ್ನೂ ಕಲ್ಲು ಸುತ್ತಿಡಲು ಬೇಕಾದ ಅಲ್ಯೂಮಿನಿಯಂ ಬೆಳ್ಳಿಕಾಗದದ ಹಾಳೆಗಳನ್ನೂ ಒಳಗಿಡುತ್ತಿದ್ದರು. ಆ ಉರಿ ಸಾಲದೆಂದು ಅವರಿಗೆ ಗೊತ್ತಿತ್ತು, ಅದಕ್ಕೇ ಮರುದಿನ ಮತ್ತೆ ಮೂರು ಸಲ ದ್ರಾವಕದಲ್ಲಿ ತೊಳೆಯುತ್ತಿದ್ದರು. ಇಮಾಮಸಾಬರು ಒಮ್ಮೆ ತಡೆಯಲಾರದೆ ಅಂದರಂತೆ: "ಬಾಯಾರ, ಬಾಟಲಿ ಒಳಗ ಒಂಚೂರು ಮೈದಾನರ ಹಾಕ್ರಿ. ಬರೇ ಖಾಲಿ ಬೇಸಾಕ ನನಗ ನಾಚಿಕಿ ಬರತೈತಿ." ಅಂದಿನಿಂದ ಹುಡುಗರ ಬಾಯಲ್ಲಿ ಅವರು ಖಾಲಿ ಬಾಟಲಿ ಬೇಯಿಸುವ ಮೇಡಂ ಆದರು. ಅದು ಅವರ ಕಿವಿಗೂ ಬಿತ್ತು, ಖುಷಿಯೇ ಪಟ್ಟರು.

ಕಿತ್ತೂರಿನಲ್ಲಿ ನನ್ನ ತಮ್ಮನ ಮದುವೆಗೆ ಬಂದಾಗಿನ ಕತೆ ನಮ್ಮ ಮನೆಯಲ್ಲಿ ಇಂದಿಗೂ ನಡೆಯುತ್ತದೆ. ಎಣ್ಣೆ ಅರಿಷಿಣದ ಹೊತ್ತಿಗೆ ನಮ್ಮತ್ತೆಯಂದಿರು ಬಟ್ಟಲು ಹಿಡಿದು ಅವರ ಬೆನ್ನು ಹತ್ತಿದರೆ, ಮೇಡಂ ಹಂದರದ ಕಂಬ ಸುತ್ತಿ ಓಡಿದರು. "ನಾಳೆ ಸ್ಯಾಂಪಲ್ ಅದಾವ್ರಿ, ಕೈ ಮುಗೀತೇನಿ!" ಎಂದು ಕೂಗುತ್ತ ಹಿತ್ತಲ ಬಾಗಿಲಿನಿಂದ ಪಾರಾದರು. "ಇಂಥಾ ಒಣ ಹೆಣ್ಮಗಳನ್ನ ನಾ ಕಂಡಿಲ್ಲವಾ," ಎಂದರು ದೊಡ್ಡತ್ತೆ. ಅದೇ ಒಣ ಹೆಣ್ಣುಮಗಳು ಊಟದ ಪಂಕ್ತಿಯಲ್ಲಿ ತುಪ್ಪವಿಲ್ಲದೆ ಐದು ಹೋಳಿಗೆ ತಿಂದು, ದೊಡ್ಡತ್ತೆಯ ಮೊಮ್ಮಗಳಿಗೆ ಗಣಿತದ ಲೆಕ್ಕ ಹೇಳಿಕೊಟ್ಟು ಹೋದರು.

ಅವರ ಸಿಟ್ಟೂ ಕಡಿಮೆಯದಲ್ಲ. ಪ್ರಯೋಗ ಕೆಟ್ಟಾಗ ಹುಡುಗರು ನೀರು ಸರಿಯಿಲ್ಲ, ಪುಡಿ ಸರಿಯಿಲ್ಲ ಎಂದರೆ, "ಮೊದಲ ನಿನ್ನ ಕೈ ನೋಡ್ಕೋ!" ಎಂದು ಗದರುತ್ತಿದ್ದರು. ನನಗೂ ಬಿದ್ದಿದೆ ಆ ಮಾತು. ಹುಡುಗರು ಕವಿತೆಯಲ್ಲಿ ಆಸಕ್ತಿ ತೋರುವುದಿಲ್ಲ ಎಂದು ನಾನು ಗೊಣಗಿದ ದಿನ.

ಇನ್ನು ಬಾವಿಯ ಸುದ್ದಿ ಹೇಳಬೇಕು. ಮೇಲೆ ಬಿದ್ದ ಉಳ್ಳಾಗಡ್ಡಿ ಕಲ್ಲು ಅವರ ಕೆಲಸಕ್ಕೆ ಬರುತ್ತಿರಲಿಲ್ಲ. ಬಿಸಿಲು ಮಳೆ ತಿಂದು, ಬೇರು ಹೊಕ್ಕು, ದನ ಮೈತಿಕ್ಕಿ ಅದರ ಒಳಗೇನೂ ಉಳಿದಿರುವುದಿಲ್ಲವಂತೆ. ಆಳದ ಕಲ್ಲು ಬೇಕು. ಬೋರು ಕೊರೆದರೆ ಬರೀ ಪುಡಿ ಬರುತ್ತದೆ, ಅದೂ ಯಂತ್ರದ ಎಣ್ಣೆಯಲ್ಲಿ ಮಿಂದು. ಈ ಕಾಲದಲ್ಲಿ ತೆರೆದ ಬಾವಿ ತೋಡುವವರಾದರೂ ಎಲ್ಲಿದ್ದಾರೆ? ಅಂಥದರಲ್ಲಿ ಸಾಲಹಳ್ಳಿಯ ಬಸಲಿಂಗಪ್ಪ ಎಂಬ ರೈತ ಬಾವಿ ತೋಡಿಸುತ್ತಿದ್ದಾನೆಂದು ತಿಳಿದು, ಮೇಡಂ ಬಸ್ಸು ಹತ್ತಿ ಹೋಗಿ ಅವನನ್ನೂ ಅವನ ತಾಯಿ ನೀಲವ್ವನನ್ನೂ ಕಂಡು ಬಂದರು. ಅಲ್ಲಿನವರು ಅವರನ್ನು ಸಾಲಿ ಕಲಿಸುವ ಅಕ್ಕಾರು ಎಂದೇ ಕರೆದರು. ನಲವತ್ತು ಫೂಟಿನ ಕೆಳಗೆ ಸುತ್ತಿನ ಕಲ್ಲು ಬಂದರೆ ಕೈ ಮುಟ್ಟಿಸದೆ, ಎಣ್ಣೆ ತಾಗಿಸದೆ, ಈ ಬೆಳ್ಳಿಕಾಗದದಲ್ಲಿ ಸುತ್ತಿಡಿ, ಫೋನ್ ಮಾಡಿ, ಅಂದೇ ಬರುತ್ತೇನೆ ಎಂದು ಬೇಯಿಸಿದ ಹಾಳೆಗಳನ್ನು ಕೊಟ್ಟಿದ್ದರು.

ಫೋನು ಬಂದದ್ದು ಪರೀಕ್ಷೆಯ ದಿನಗಳಲ್ಲಿ. ಆ ವಾರ ನನ್ನ ತಾಯಿಯನ್ನು ಧಾರವಾಡದ ಆಸ್ಪತ್ರೆಗೆ ಸೇರಿಸಿದ್ದೆವು. ನನ್ನ ಪರೀಕ್ಷಾ ಕೋಣೆಯ ಪಾಳಿ ನೋಡಿಕೊಳ್ಳಲು ಯಾರೂ ಒಪ್ಪದಿದ್ದಾಗ ಮೇಡಂ ಒಪ್ಪಿದ್ದರು. ನಾಲ್ಕು ದಿನ. ಕಲ್ಲು ಬಂತೆಂದು ಸುದ್ದಿ ಬಂದಾಗ ಅವರು ನನ್ನ ಕೋಣೆಯಲ್ಲಿ ಉತ್ತರಪತ್ರಿಕೆ ಹಂಚುತ್ತಿದ್ದರು. ನನಗೆ ಒಂದು ಮಾತು ಹೇಳಿದ್ದರೆ ಹೇಗೋ ಓಡಿ ಬರುತ್ತಿದ್ದೆ. ಹೇಳಲಿಲ್ಲ. ನೂರು ಕೋಟಿ ವರ್ಷ ಕಾದ ಕಲ್ಲು ನಾಲ್ಕು ದಿನ ಕಾಯಲಾರದೇ ಎಂದುಕೊಂಡರು. ಐದನೆಯ ದಿನ ಹೋಗಿ ತಂದರು.

ಆ ಕಲ್ಲಿನ ಹೊರಮೈಯನ್ನು ಕೊಯ್ದು ಬಿಸಾಡಿ, ಒಳಗಿನದನ್ನು ಪುಡಿಮಾಡಿ, ದೂರದ ದೊಡ್ಡ ಸಂಸ್ಥೆಯೊಂದರ ಯಂತ್ರಕ್ಕೆ ಕಳಿಸಿದರು. ಎರಡು ತಿಂಗಳ ಮೇಲೆ ಅವರ ಗೈಡ್ ಫೋನ್ ಮಾಡಿದರು. ಹೋಪೇನ್ ಸಿಕ್ಕಿದೆ. ಕಲ್ಲಾದ ಮೇಲೆ ಉಳಿಯುವ ಉಂಗುರಕ್ಕೆ ಅದೇ ಹೆಸರು. ನಾನು ಎದುರಿಗೇ ಇದ್ದೆ. ಮೇಡಂ ಫೋನು ಮೇಜಿನ ಮೇಲಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಸಣ್ಣ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ನಾನೂ ಅತ್ತೆ. ಪ್ರಿನ್ಸಿಪಾಲರು ಪೇಡೆ ತರಿಸಿದರು. ಪದವಿ ಕೈಗೆ ಬರುವ ಮೊದಲೇ ಆಫೀಸಿನ ಗುಮಾಸ್ತರು ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಹಿಂದೆ 'ಡಾ.' ಸೇರಿಸಿದರು. ಮೇಡಂ ಬೇಡ ಎಂದರು, ಆದರೆ ಎಂದಿನ ಗದರಿಕೆ ಅದರಲ್ಲಿರಲಿಲ್ಲ.

ಆ ಭಾನುವಾರ ಅವರಿಗೆ ಸಾಲಹಳ್ಳಿಗೆ ಹೋಗಿ ಪೇಡೆ ಕೊಡಬೇಕೆನಿಸಿತು. ನನ್ನನ್ನೂ ಎಳೆದುಕೊಂಡು ಹೋದರು. ಮುನವಳ್ಳಿಯಲ್ಲೊಂದು ಬಸ್ಸು, ಕಟಕೋಳದಲ್ಲೊಂದು ಬಸ್ಸು. ದಾರಿಯುದ್ದಕ್ಕೂ ಅವರು ಕಿಟಕಿಗೆ ಒರಗಿ ನಗುತ್ತಿದ್ದರು. ಬಸಲಿಂಗಪ್ಪನ ಮನೆಯಲ್ಲಿ ಹಬ್ಬದಂಥ ಉಪಚಾರ. ಮೊದಲು ಬಾವಿ ತೋರಿಸಿದ. ನೀರು ಹಸಿರಾಗಿ ಮೇಲಕ್ಕೆ ಬಂದು ನಿಂತಿತ್ತು.

"ಎಷ್ಟ ನೀರ ಐತ್ರಿ?" ಎಂದು ಕೇಳಿದರು ಮೇಡಂ.

"ಮೂವತ್ತೈದ ಫೂಟ್ರಿ ಅಕ್ಕಾರ. ಎರಡ ಪಂಪ್ ಹಚ್ಚಿದ್ರೂ ಇಳಿಯಂಗಿಲ್ಲ. ನಿಮ್ಮ ಕಲ್ಲು ಕಿತ್ತ ಜಾಗಾದಾಗನ ಸೆಲಿ ಒಡೀತು ನೋಡ್ರಿ. ಆ ಕಲ್ಲು ಎತ್ತಿದ್ದೇ ತಡ, ಬುಸ್ ಅಂತ ಬಂತು."

ಒಳಗೆ ಕೂರಿಸಿ ಚಹಾ ಕೊಟ್ಟ ನೀಲವ್ವ ಉಳಿದದ್ದನ್ನು ಹೇಳಿದಳು. ಎಪ್ಪತ್ತು ದಾಟಿದ ಮುದುಕಿ, ಹಣೆತುಂಬ ವಿಭೂತಿ, ದನಿ ಕಂಚಿನದು. "ಗಂಗವ್ವನ್ನ ಕರಕೊಂಡ ಬಂದ ಕಲ್ಲು ಅದು ಯವ್ವಾ. ಹಂಗ ಬೆಳ್ಳಿಕಾಗದದಾಗ ಸುತ್ತಿ ಮೂಲ್ಯಾಗ ಒಗ್ಯಾಕ ಬರತೈತೇನ? ನೀರ ಬಂದ ಮನ್ಯಾಗ ಮೂರ ದಿನ ಪೂಜಿ ಮಾಡೂದ ನಮ್ಮ ಪದ್ಧತಿ. ಎಣ್ಣಿ ಎರದು, ಕುಂಕುಮ ಹಚ್ಚಿ, ಕಾಯಿ ಒಡದ್ವಿ. ನಾಳೆ ನೀವು ಬರ್ತೀರಂತ ಗೊತ್ತಾದ ಮ್ಯಾಲ ನೆನಪಾತು, ಅಯ್ಯ ಶಿವನ, ಅಕ್ಕಾರು ಎಣ್ಣಿ ತಾಗಸಬ್ಯಾಡ ಅಂದಿದ್ರಲ್ಲ! ಆದ್ರ ನಾವೇನ ಹೊಲಸ ಕಲ್ಲು ಕೊಟ್ಟಿಲ್ಲರಿ. ಸಾಬಾಣ ಹಾಕಿ ತಿಕ್ಕಿದ್ವಿ. ಜಿಡ್ಡ ಹೋಗಲಿಲ್ಲ. ಆಮ್ಯಾಲ ನಮ್ಮ ಬಸ್ಯಾ ಟ್ಯಾಕ್ಟರ್ ಡಬ್ಬಿಯೊಳಗಿನ ಅರಿಬಿ ತಗೊಂಡು, ಡೀಜಲ್ ಹಚ್ಚಿ, ಸಂದಿ ಸಂದಿ ಬಿಡದಂಗ ಒರಸ್ದಾ. ಲಕಲಕ ಆತು. ಒಂದ ಹನಿ ಎಣ್ಣಿ ಉಳೀಲಿಲ್ಲ!"

ಆ ತಾಯಿಯ ಮುಖದಲ್ಲಿ ಎಷ್ಟು ಹೆಮ್ಮೆಯಿತ್ತೆಂದರೆ ನಾನೂ ಮೊದಲು ನಕ್ಕುಬಿಟ್ಟೆ. ಆಮೇಲೆ ಮೇಡಂ ಕಡೆ ನೋಡಿದೆ. ಅವರ ಕೈಯಲ್ಲಿ ಚಹಾದ ಬಸಿ ಹಾಗೇ ನಿಂತಿತ್ತು.

ನನಗೆ ಆಗ ತಿಳಿಯದ್ದನ್ನು ಆಮೇಲೆ ಅವರೇ ಹೇಳಿದರು. ನೆಲದಡಿಯ ಎಣ್ಣೆ ಎಂದರೆ ಹಳೆಯ ಜೀವಿಗಳ ಕೊಬ್ಬೇ. ಅದರಿಂದ ಮಾಡಿದ ಎಂಜಿನ್ ಎಣ್ಣೆಯಲ್ಲೂ ಅದೇ ಐದು ಉಂಗುರ ಇರುತ್ತವೆ. ಪೂಜೆಯ ಶೇಂಗಾಎಣ್ಣೆ ಒಂದೇ ಹಚ್ಚಿದ್ದರೆ ಯಂತ್ರಕ್ಕೆ ಬೇರೆಯಾಗಿ ಗೊತ್ತಾಗುತ್ತಿತ್ತು. ಆದರೆ ಟ್ರ್ಯಾಕ್ಟರಿನ ಆ ಅರಿಬೆ, ಒರೆಸುವ ಹಳೆಬಟ್ಟೆ, ವರ್ಷಗಟ್ಟಲೆ ಎಂಜಿನ್ ಎಣ್ಣೆ ಕುಡಿದದ್ದು. ಡೀಸೆಲ್ಲಿನ ಜೊತೆ ಅದು ಕಲ್ಲಿನ ಕೂದಲೆಳೆಯಂಥ ಬಿರುಕುಗಳಲ್ಲಿ ಇಳಿದಿತ್ತು. ಹೊರಮೈ ಕೊಯ್ದು ಬಿಸಾಡಿದರೂ ಒಳಗೆ ಉಳಿದಿತ್ತು.

ಮೇಡಂ ಬಸಿಯನ್ನು ಮೆಲ್ಲನೆ ಕೆಳಗಿಟ್ಟರು. "ಚೊಲೋ ಮಾಡೀರಿ ಯವ್ವಾ," ಎಂದರು. "ಭಾಳ ಸ್ವಚ್ಛ ಇತ್ತು ಕಲ್ಲು." ಆಮೇಲೆ ಬಸಲಿಂಗಪ್ಪನ ಕಡೆ ತಿರುಗಿ, "ಆ ಅರಿಬಿ ಇನ್ನೂ ಐತೇನ್ರಿ? ನಮ್ಮ ಹುಡುಗೂರಿಗೆ ತೋರಸಾಕ ಬೇಕಾಗಿತ್ತು," ಎಂದರು. ಅವನು ನಗುತ್ತ ಡಬ್ಬಿಯಿಂದ ತಂದುಕೊಟ್ಟ. ಮೇಡಂ ತಮ್ಮ ಚೀಲದಿಂದ ಬೆಳ್ಳಿಕಾಗದ ತೆಗೆದು ಆ ಕರೀ ಚಿಂದಿಯನ್ನು ಸುತ್ತಿದರು. ನೀಲವ್ವ ಅವರ ಸೆರಗಿಗೆ ಉಡಿ ತುಂಬಿದಳು. ಉಡಿ ಸಾಮಾನ್ಯವಾಗಿ ಮುತ್ತೈದೆಯರಿಗೆ, ಊರ ಬಾಯಿಗೆ ಮೇಡಂ ಮದುವೆಯಾಗದ ಹೆಂಗಸು; ನೀಲವ್ವ ಅದನ್ನೆಲ್ಲ ಕೇಳಲೇ ಇಲ್ಲ.

ಕಟಕೋಳದ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅವರು ನನ್ನ ಮುಂಗೈ ಹಿಡಿದು ಹೇಳಿದರು: "ಶೈಲಾ, ಇದು ಅವರಿಗೆ ಗೊತ್ತಾಗಬಾರದು. ಆ ಮುದುಕಿ ಜೀವಾ ಹೋಗೂತನಕ ಅದನ್ನ ಮನಸಿನ್ಯಾಗ ಇಟ್ಕೊಂಡು ಕೊರಗತಾಳ. ನನ್ನ ಮ್ಯಾಲ ಆಣಿ."

"ಹಂಗಾರ ನೀವು?"

"ಮೊದಲ ಅರಿಬಿ ಕಳಸೋಣು."

ಅರಿಬೆಯೂ ಯಂತ್ರಕ್ಕೆ ಹೋಯಿತು. ಕಲ್ಲಿನಲ್ಲಿ ಸಿಕ್ಕ ಉಂಗುರಗಳ ಗುರುತೂ ಅರಿಬೆಯಲ್ಲಿ ಸಿಕ್ಕವುಗಳ ಗುರುತೂ ಒಂದೇ ಅಚ್ಚಿನಿಂದ ಬಂದಂತಿದ್ದವು. ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದು ನನಗೂ ತೋರಿಸಿದರು. ಒಂದರ ಗೆರೆಯ ಹಿಂದೆ ಇನ್ನೊಂದರ ಗೆರೆ ಅಡಗಿತ್ತು. ಗೈಡ್ ಒಳ್ಳೆಯ ಮನುಷ್ಯರೇ. ಒಳಗಿನದರಲ್ಲಿ ಒಂದಿಷ್ಟಾದರೂ ಕಲ್ಲಿನದೇ ಇರಬಹುದು, 'ಇರಬಹುದು' ಎಂದೇ ಬರೆಯೋಣ, ಅವಧಿ ಮುಗಿಯುತ್ತಿದೆ, ಪದವಿ ಕೈಗೆ ಬರಲಿ, ಮುಂದೆ ಇನ್ನೊಂದು ಕಲ್ಲು ನೋಡೋಣ ಎಂದರು. ಫೋನಿನಲ್ಲಿ ಆ ಮಾತು ನನಗೂ ಕೇಳುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಅದು ಸರಿಯೆನಿಸಿತು. ಒಂಬತ್ತು ವರ್ಷ, ಸ್ವಾಮಿ! ಯಾರಿಗೆ ನಷ್ಟ? ಹಾಗೆಂದು ಅವರ ಎದುರಿಗೂ ಅಂದೆ.

"ಇರಬಹುದು ಅಂತ ಬರದ್ರ, ಓದಾವ್ರು ಐತಿ ಅಂತ ಓದ್ತಾರ," ಎಂದರು ಮೇಡಂ. "ನಾಳೆ ಇನ್ನೊಬ್ಬಾಕಿ ಹುಡುಗಿ ನನ್ನ ಹೆಸರು ನಂಬಿ ಅದೇ ಕಲ್ಲಿನ ಬೆನ್ನು ಹತ್ತತಾಳ. ಆಕಿ ಒಂಬತ್ತ ವರ್ಷ ಯಾರು ತಂದ ಕೊಡತಾರ?"

ಸಂಶೋಧನೆ ಹಿಂತೆಗೆದುಕೊಳ್ಳುವ ಅರ್ಜಿಯನ್ನು ಕನ್ನಡದಲ್ಲಿ ಬರೆದುಕೊಡು ಎಂದು ನನಗೇ ಹೇಳಿದರು. ಅರ್ಜಿಯ ಭಾಷೆ ನನಗೆ ಬರುತ್ತದೆ: 'ಅನಿವಾರ್ಯ ಕಾರಣಗಳಿಂದ' ಎಂದು ಶುರುಮಾಡಿದೆ. ಅವರು ಪೆನ್ನು ಕಸಿದುಕೊಂಡು ಅದನ್ನು ಹೊಡೆದುಹಾಕಿದರು. "ಅನಿವಾರ್ಯ ಅಲ್ಲದು. ನಾ ಆ ದಿನಾನ ಹೋಗಿದ್ರ ಆಗತಿರಲಿಲ್ಲ. ಹಂಗ ಬರಿ." ಮಾದರಿಯನ್ನು ನಾಲ್ಕು ದಿನ ನನ್ನ ಕಣ್ಣಳತೆಯಲ್ಲಿ ಇಟ್ಟುಕೊಳ್ಳದೆ ಬಿಟ್ಟದ್ದು ನನ್ನ ತಪ್ಪು, ಅದಕ್ಕೆ ಎಂಜಿನ್ ಎಣ್ಣೆ ತಾಗಿದ್ದು ಪರೀಕ್ಷೆಯಿಂದ ಖಚಿತವಾಗಿದೆ, ಆದ್ದರಿಂದ ನನ್ನ ಫಲಿತಾಂಶ ಸುಳ್ಳು ಎಂದು ಬರೆಸಿದರು. ಯಾರ ಅರಿಬೆ, ಯಾರ ಪೂಜೆ ಎಂಬ ಮಾತು ಅದರಲ್ಲಿ ಬರಲಿಲ್ಲ. ಆ ನಾಲ್ಕು ದಿನ ಅವರು ಯಾರ ಪಾಳಿ ಮಾಡುತ್ತಿದ್ದರು ಎಂಬುದೂ ಬರಲಿಲ್ಲ. ಅದನ್ನಾದರೂ ಸೇರಿಸುತ್ತೇನೆ ಎಂದು ಹಟ ಹಿಡಿದೆ. "ನಿಮ್ಮವ್ವ ಈಗ ಆರಾಮ ಅದಾರಿಲ್ಲೋ?" ಎಂದು ಕೇಳಿದರು. ಹೌದೆಂದೆ. "ಮುಗೀತಲ್ಲ," ಎಂದು ಸಹಿ ಹಾಕಿದರು. ಆ ಉಪಕಾರವನ್ನು ತೀರಿಸುವ ದಾರಿ ನನಗೆ ಇಂದಿಗೂ ಗೊತ್ತಾಗಿಲ್ಲ.

ಮರುದಿನ ಅವರು ಸ್ಟಾಫ್ ರೂಮಿನಲ್ಲಿ ಎದ್ದು ನಿಂತು, ಪೇಡೆ ತಿಂದವರೆಲ್ಲರ ಎದುರು, ಪದವಿ ಇಲ್ಲ, ನನ್ನ ಕೆಲಸದಲ್ಲಿ ತಪ್ಪಾಗಿದೆ ಎಂದು ಹೇಳಿದರು. ಕೆಲವರು ಮರುಗಿದರು. ಒಬ್ಬರು ಬೆನ್ನ ಹಿಂದೆ ನಕ್ಕರು. ಹಾಜರಿ ಪುಸ್ತಕದ 'ಡಾ.' ಮೇಲೆ ಮೇಡಂ ತಾವೇ ಗೆರೆ ಎಳೆದರು. ಆಮೇಲೂ ಅವರು ಹೊರಸು ತಂದು ಪಾಠ ಮಾಡಿದರು, ಆಮೇಲೂ ಹುಡುಗರನ್ನು ಗದರಿದರು. ಪ್ರತಿ ವರ್ಷದ ಪಾಠದ ಕೊನೆಯಲ್ಲಿ ಆ ಎರಡು ಹಾಳೆಗಳನ್ನು ಬೆಳಕಿಗೆ ಹಿಡಿದು, ನಾನು ಹೇಗೆ ಮೋಸಹೋದೆ ಎಂದು ತೋರಿಸುತ್ತಿದ್ದರು. ಬಸಲಿಂಗಪ್ಪ ಎಂದಾದರೂ ಫೋನ್ ಮಾಡಿದರೆ ಬೆಳೆ, ನೀರು, ಮುದುಕಿಯ ಮಂಡಿನೋವು ಎಲ್ಲ ವಿಚಾರಿಸುತ್ತಿದ್ದರು. ಕಲ್ಲಿನ ಮಾತು ಅವನೂ ಎತ್ತುತ್ತಿರಲಿಲ್ಲ, ಇವರೂ ಎತ್ತುತ್ತಿರಲಿಲ್ಲ. ಮೂರು ವರ್ಷದ ಹಿಂದೆ ನೀಲವ್ವ ತೀರಿಕೊಂಡಾಗ ಮೇಡಂ ಒಬ್ಬರೇ ಹೋಗಿ ಮಣ್ಣು ಹಾಕಿ ಬಂದರು.

ಹೋದ ವರ್ಷ, ನಿವೃತ್ತಿಗೆ ಇನ್ನು ಎಂಟು ತಿಂಗಳಿರುವಾಗ, ಎದೆನೋವೆಂದು ಬೆಳಗಾವಿಗೆ ಒಯ್ದ ಸುಮಿತ್ರಾ ಮೇಡಂ ಮರಳಿ ಬರಲಿಲ್ಲ. ಹಿಂದಿನ ದಿನ ಮಧ್ಯಾಹ್ನ ನನ್ನ ಡಬ್ಬಿಯಿಂದ ಶೇಂಗಾ ಚಟ್ನಿ ಕಸಿದು ತಿಂದಿದ್ದರು. ಅವರಿಲ್ಲದ ಮೇಜಿಗೆ ನಾನು ಒಂದು ವಾರ ಹೋಗಲೇ ಇಲ್ಲ, ಮೆಟ್ಟಿಲ ಮೇಲೆ ಕುಳಿತು ಉಣ್ಣುತ್ತಿದ್ದೆ.

ಶ್ರದ್ಧಾಂಜಲಿ ಸಭೆಯ ದಿನ ಸಭಾಂಗಣಕ್ಕೆ ಬೇಗ ಹೋದೆ. ಕಪ್ಪುಹಲಗೆಯ ಮೇಲೆ ಯಾರೋ ಹೊಸಬರು ಬಣ್ಣದ ಸುಣ್ಣದಕಡ್ಡಿಯಲ್ಲಿ ದೊಡ್ಡದಾಗಿ ಬರೆದಿದ್ದರು: 'ಡಾ. ಸುಮಿತ್ರಾ ಮೇಡಂ ಅವರಿಗೆ ಭಾವಪೂರ್ಣ ಶ್ರದ್ಧಾಂಜಲಿ'. ಪ್ರೀತಿಯಿಂದಲೇ ಬರೆದದ್ದು, ಸುತ್ತಲೂ ಹೂಬಳ್ಳಿ ಬಿಡಿಸಿದ್ದರು. ಅಳಿಸಲೇಬೇಕೆಂದು ಹಲಗೆಯ ಹತ್ತಿರ ಹೋದೆ. ತಿರುಗಿ ನೋಡಿದರೆ ಖಾಲಿ ಕುರ್ಚಿಗಳ ನಡುವೆ, ಮೊದಲ ಸಾಲಿನಲ್ಲಿ, ಬಿಳಿ ಟೊಪ್ಪಿಗೆ ಹಾಕಿದ ಬಸಲಿಂಗಪ್ಪ ಒಬ್ಬನೇ ಕುಳಿತಿದ್ದಾನೆ. ಸಾಲಹಳ್ಳಿಯಿಂದ ಮುಂಜಾನೆಯ ಬಸ್ಸಿಗೆ ಬಂದಿದ್ದ. ಎತ್ತಿದ ಕೈ ನಿಂತಿತು. ಅಳಿಸಿದರೆ ಯಾಕೆಂದು ಕೇಳುತ್ತಾನೆ. ಕೇಳಿದರೆ ಮೇಡಂ ಹಾಕಿದ ಆಣೆ ಏನಾಗಬೇಕು? ಅಳಿಸದಿದ್ದರೆ ಅವರ ಹೆಸರಿನ ಮೇಲೆ ಅವರೇ ಒಲ್ಲೆನೆಂದ ಸುಳ್ಳು ಉಳಿಯುತ್ತದೆ.

ಬಸಲಿಂಗಪ್ಪ ಎದ್ದು ಹತ್ತಿರ ಬಂದ. ಹಲಗೆಯನ್ನು ಒಂದು ಸಲ, ನನ್ನ ಕೈಯನ್ನು ಒಂದು ಸಲ ನೋಡಿದ.

"ಅಳಸ್ರಿ ಬಾಯಾರ," ಎಂದ. "ನಮಗ ಗೊತ್ತೈತಿ."

ನಾನು ಎತ್ತಿದ ಕೈ ಇಳಿಸಿ ಅವನ ಕಡೆ ತಿರುಗಿದೆ.

"ಅವತ್ತ ಅಕ್ಕಾರು ಅರಿಬಿಗೆ ಬೆಳ್ಳಿಕಾಗದ ಸುತ್ತಿದ್ರಲ್ಲ, ಆಗನ ನಮ್ಮವ್ವಗ ತಿಳೀತು. ಕಲ್ಲಿಗೆ ಸುತ್ತೂ ಕಾಗದ ಚಿಂದಿಗೆ ಸುತ್ಯಾಳಂದ್ರ ನಾವು ಏನೋ ಮಾಡೇವೋ ಬಸ್ಯಾ ಅಂದ್ಲು. ರಾತ್ರಿ ಉಣಲಿಲ್ಲ. ಮರುದಿನ ನಾ ಕೇಳಾಕ ಬರತೇನಿ ಅಂದೆ, ಬ್ಯಾಡ ಅಂದ್ಲು. ನಮಗ ತ್ರಾಸ ಆಗತೈತಂತ ಆಕಿ ಹೇಳವಲ್ಲಳು, ನಮಗ ಗೊತ್ತಾಗೇತಂತ ಆಕಿಗೆ ತಿಳದ್ರ ಆಕಿಗೆ ಇನ್ನೂ ತ್ರಾಸ, ಸುಮ್ಮಿರು ಅಂದ್ಲು. ಅಕ್ಕಾರ ಪದವಿ ಹೋದ ಸುದ್ದಿ ಊರಿಗೆ ಮುಟ್ಟಿದ ಮ್ಯಾಲೂ, ಸಾಯೂತನಕ ಸುಮ್ಮನ ಇದ್ಲು."

ಅವನು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಹೊರಗೆ ಹುಡುಗರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತುತ್ತಿದ್ದ ಸದ್ದು ಕೇಳಿತು. ನಾನು ಅಂಗೈಯಿಂದ 'ಡಾ.' ಒರೆಸಿದೆ. ಆ ಜಾಗದಲ್ಲಿ ಸುಣ್ಣದ ಮಸುಕು ಕಲೆ ಉಳಿಯಿತು.

"ಇನ್ನೂ ಒಂಚೂರು ಕಾಣಸ್ತೈತ್ರಿ," ಎಂದ ಬಸಲಿಂಗಪ್ಪ. ನಾನು ಮತ್ತೊಮ್ಮೆ ಒರೆಸಿದೆ.